ನಿಂತದ್ದು ಮತ್ತು ಮುಗಿದದ್ದು

ಮೇಷ್ಟ್ರು ಬಿಯರಿನ ಕುರಿತು ಬರೆಯಲು ಹೊರಟಿದ್ದಾರೆಂದು ಹುಬ್ಬೇರಿಸಬೇಡಿ. ನಾನು ಕುಡಿಯುವವನಲ್ಲ, ಈ ವಯಸ್ಸಿನಲ್ಲಿ ಆರಂಭಿಸುವ ಉದ್ದೇಶವೂ ಇಲ್ಲ. ಆದರೆ ಹುದುಗುವ ದ್ರವವೊಂದರ ಬಾಯಿ ಮುಚ್ಚುವ ಕಾಲ ಯಾವುದು ಎಂಬ ಪ್ರಶ್ನೆ ನನ್ನ ಬದುಕಿನಲ್ಲಿ ಎರಡು ಸಲ ಎದುರಾಯಿತು. ಮೊದಲ ಸಲ ನಾನು ತಪ್ಪು ಉತ್ತರ ಕೊಟ್ಟೆ. ಆ ತಪ್ಪಿನ ಫಲವನ್ನು ಅನುಭವಿಸಿದವರು ಬೇರೆಯವರು. ಅದನ್ನು ಇಷ್ಟು ವರ್ಷ ಎಲ್ಲಿಯೂ ಹೇಳಿರಲಿಲ್ಲ.

ಕಳೆದ ವಾರ ನನ್ನ ತಂಗಿಯ ಮಗ ಅಮೆರಿಕದ ಪೋರ್ಟ್‌ಲೆಂಡಿನಿಂದ ಫೋನ್ ಮಾಡಿದ್ದ. ಅವನು ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸದವನು. ಅಲ್ಲಿ ಅದಕ್ಕೆ ಅಡ್ಡಿಯಿಲ್ಲ. 1978ರಲ್ಲಿ ಅಂಗೀಕಾರವಾದ ಕಾನೂನಿನಿಂದ ಆ ದೇಶದ ಕೇಂದ್ರ ಸರ್ಕಾರ ಮನೆಬಳಕೆಯ ಬಿಯರಿಗೆ ಅನುಮತಿ ನೀಡಿದೆ. ನಮ್ಮಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ, ಆದ್ದರಿಂದ ಇದನ್ನು ಓದಿ ಯಾರೂ ಬಚ್ಚಲಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ! ಮಾತಿನ ನಡುವೆ ಅವನು, "ಮಾವ, ನೀವು ಇಲ್ಲಿದ್ದಾಗ ಮಾಡಿಸಿದ ಪರೀಕ್ಷೆಯನ್ನು ಈಗ ಪ್ರತಿ ಸಲವೂ ಮಾಡ್ತೀನಿ" ಎಂದ. ಆ ಪರೀಕ್ಷೆಯ ಕಥೆಯನ್ನು ಹೇಳಬೇಕಾದರೆ ಹೊಸನಗರದಿಂದಲೇ ಆರಂಭಿಸಬೇಕು.

ಸಾಗರ ತಾಲ್ಲೂಕಿನ ಹಳ್ಳಿಯಿಂದ ಬಂದ ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ವಿಜ್ಞಾನದ ಶಿಕ್ಷಕನಾಗಿ ಸೇರಿದ್ದು 1974ರಲ್ಲಿ. ಊರಿನ ವೈದ್ಯರೊಬ್ಬರ ಮನೆಯ ಮೆತ್ತಿನ ಮೇಲೆ ನನಗೆ ವಾಸ. ಎಲ್ಲರೂ ಅವರನ್ನು ಪಂಡಿತರು ಎಂದೇ ಕರೆಯುತ್ತಿದ್ದರು. ಎಪ್ಪತ್ತರ ಸಮೀಪದ ವಯಸ್ಸು, ಮಿತವಾದ ಮಾತು. ಪ್ರತಿ ವರ್ಷ ಅವರು ಒಂದು ದೊಡ್ಡ ಜಾಡಿ ದ್ರಾಕ್ಷಾರಿಷ್ಟ ಮಾಡುತ್ತಿದ್ದರು. ಒಣದ್ರಾಕ್ಷಿಯ ಕಷಾಯ, ಬೆಲ್ಲ, ಏಲಕ್ಕಿ ಲವಂಗಗಳ ಪುಡಿ, ಜೊತೆಗೆ ಧಾತಕಿ ಹೂವು. ಕಷಾಯ ಮಾಡಿ ಹುದುಗಿಸಿದರೆ ಅರಿಷ್ಟ, ಕುದಿಸದೆ ಹುದುಗಿಸಿದರೆ ಆಸವ ಎಂದು ನನಗೆ ಮೊದಲು ತಿಳಿಸಿದವರು ಅವರೇ. ಜಾಡಿಯ ಬಾಯಿಗೆ ಬಟ್ಟೆ ಬಿಗಿದು, ಮಣ್ಣು ಮೆತ್ತಿ, ಭತ್ತದ ಪಣತದೊಳಗೆ ಹೂತಿಡುತ್ತಿದ್ದರು. ಭತ್ತದ ರಾಶಿ ಹಗಲಿನ ಸೆಕೆಯನ್ನೂ ಇರುಳಿನ ಚಳಿಯನ್ನೂ ಒಳಗೆ ಬಿಡದೆ ಜಾಡಿಯನ್ನು ಒಂದೇ ಹದದಲ್ಲಿ ಇಡುತ್ತದೆ. ಈಗಿನವರು ಸಾವಿರಾರು ರೂಪಾಯಿಯ ಪೆಟ್ಟಿಗೆ ಕೊಂಡು ಮಾಡುವ ಕೆಲಸವನ್ನು ಆಗ ಭತ್ತ ಮಾಡುತ್ತಿತ್ತು.

ಸುಮಾರು ಒಂದು ತಿಂಗಳ ಬಳಿಕ ಪರೀಕ್ಷೆ. ಪಂಡಿತರು ಜಾಡಿಯ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಒಳಗೆ ಸಣ್ಣಗೆ ಮಳೆಹನಿ ಬಿದ್ದಂತಹ ಸದ್ದಿದ್ದರೆ ಇನ್ನೂ ಕೆಲಸ ನಡೆದಿದೆ ಎಂದರ್ಥ. ಬಾಯಿ ತೆರೆದು ಉರಿಯುವ ಕಡ್ಡಿಯನ್ನು ಒಳಗೆ ಹಿಡಿಯುವುದೂ ಇತ್ತು. ಕಡ್ಡಿ ಆರಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿದೆ, ಉರಿದರೆ ಇಲ್ಲ. ಇವು ನಮ್ಮ ವೈದ್ಯರಲ್ಲಿ ರೂಢಿಯಲ್ಲಿರುವ ಪರೀಕ್ಷೆಗಳು. ಒಂಬತ್ತನೆಯ ತರಗತಿಗೆ ಅದೇ ಪಾಠ ಮಾಡುತ್ತಿದ್ದ ನನಗೆ ಅದನ್ನು ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ.

ಆ ವರ್ಷ ಹೊಸ ಭತ್ತ ತುಂಬಲು ಪಣತವನ್ನು ಬರಿದು ಮಾಡಿ ಸಾರಿಸಬೇಕಾಯಿತು. ಜಾಡಿಯನ್ನು ತೆಗೆದು ಹಿಂಬದಿಯ ಕೋಣೆಯ ಕಲ್ಲುಚಪ್ಪಡಿಯ ಮೇಲೆ ಇಟ್ಟರು. ಹೊಸನಗರದ ಕಡೆಯ ಧನುರ್ಮಾಸದ ಚಳಿ ಉಂಡವರಿಗೇ ಗೊತ್ತು, ಬೆಳಗಿನ ಹೊತ್ತು ಆ ಚಪ್ಪಡಿಯ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಎಂಟು ಹತ್ತು ದಿನ ಕಳೆಯಿತು. ಜಾಡಿಯ ಸದ್ದು ಅಡಗಿತು.

1975ರ ಜನವರಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆ ಸಮೀಪಿಸಿತ್ತು. ರಾಮಕುಂಡದ ಸ್ನಾನಕ್ಕೆ ಹೋಗುವಾಗ ಪಂಡಿತರು ಒಂದಿಷ್ಟು ಬಾಟಲಿ ಅರಿಷ್ಟವನ್ನು ಅಲ್ಲಿನ ಪರಿಚಿತರಿಗೆ ಒಯ್ಯುವುದು ವಾಡಿಕೆ. ಆದರೆ ಆ ಸಲ ಅವರಿಗೆ ಮನಸ್ಸಿರಲಿಲ್ಲ. "ಶಿವರಾತ್ರಿ ಕಳೆದು ಚಳಿ ಬಿಡಲಿ ಮೇಷ್ಟ್ರೇ, ಆಮೇಲೆ ಇನ್ನೊಂದ್ಸಲ ಕಿವಿಯಿಟ್ಟು ನೋಡುವ" ಎಂದರು. ನಾನು ಇಪ್ಪತ್ತನಾಲ್ಕರ ಹುಡುಗ, ಬಿ.ಎಸ್ಸಿ. ಮುಗಿಸಿ ಬಂದ ಬಿಸಿ. ಕಿವಿಯಿಟ್ಟು ಕೇಳುವುದೂ ಒಂದು ಪರೀಕ್ಷೆಯೇ ಎಂಬ ಉಡಾಫೆ ಒಳಗೊಳಗೇ ಇತ್ತು. ಶಾಲೆಯ ಪ್ರಯೋಗಾಲಯದಿಂದ ರಬ್ಬರ್ ನಳಿಕೆ ತಂದೆ. ಎಲೆಯಡಿಕೆಯ ಸುಣ್ಣವನ್ನು ಕದಡಿ ತಿಳಿನೀರು ಬಸಿದೆ. ಜಾಡಿಯ ಬಾಯಿಗೆ ನಳಿಕೆ ಜೋಡಿಸಿ, ಇನ್ನೊಂದು ತುದಿಯನ್ನು ಸುಣ್ಣದ ತಿಳಿಯಲ್ಲಿ ಅದ್ದಿದೆ. ಮನೆಯವರೆಲ್ಲ ಸುತ್ತ ನಿಂತಿದ್ದರು. ಅರ್ಧ ಗಂಟೆ ಕಳೆದರೂ ಒಂದು ಗುಳ್ಳೆ ಇಲ್ಲ, ತಿಳಿ ಹಾಲಿನಂತೆ ಬೆಳ್ಳಗಾಗಲೂ ಇಲ್ಲ. ಬಳಿಕ ಬಾಯಿ ತೆರೆದು, ಬೀಸಣಿಗೆಯಿಂದ ಗಾಳಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಹಿಡಿದೆ. ದೀಪದಂತೆ ಉರಿಯಿತು. "ಮುಗಿದಿದೆ ಪಂಡಿತರೇ" ಎಂದೆ. ಪಾಠ ಮಾಡುವ ದನಿಯಲ್ಲಿಯೇ ಹೇಳಿರಬೇಕು.

ಪಂಡಿತರು ಏನೂ ಆಡದೆ ಬಾಟಲಿಗಳನ್ನು ತೊಳೆಸಿದರು. ಬಿರಡೆ ಜಡಿದು ಮೇಣ ಹಾಕಿದರು. ತೀರ್ಥಹಳ್ಳಿಗೆ ಹೋದ ಬಾಟಲಿಗಳು ಬೇಗ ಖಾಲಿಯಾದವು, ಅವುಗಳಿಂದ ತೊಂದರೆಯಾಗಲಿಲ್ಲ. ಎರಡು ಬಾಟಲಿ ಮನೆಯ ನಾಗಂದಿಗೆಯ ಮೇಲೆ ಉಳಿದವು. ಯುಗಾದಿಯ ಮರುವಾರ, ಮಧ್ಯಾಹ್ನದ ಸೆಕೆಯಲ್ಲಿ, ಅದರಲ್ಲೊಂದು ಕೋವಿ ಹೊಡೆದಂತೆ ಸಿಡಿಯಿತು. ಕೆಳಗೆ ಚನ್ನೆಮಣೆ ಆಡುತ್ತಿದ್ದ ಪಂಡಿತರ ಮೊಮ್ಮಗಳ ಎಡ ಹುಬ್ಬಿಗೆ ಗಾಜಿನ ಚೂರು ನಾಟಿತು. ಆಕೆಗೆ ಆಗ ಒಂಬತ್ತು ವರ್ಷ. ಒಂದು ಬೆರಳಗಲ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಹೊಲಿಗೆ ಹಾಕಿಸಿಕೊಂಡು ಬರುವಾಗ ಕತ್ತಲಾಗಿತ್ತು.

ಊರಿನವರು ಪಂಡಿತರಿಗೆ ವಯಸ್ಸಾಯಿತು, ಹದ ತಪ್ಪಿತು ಎಂದರು. ಪಂಡಿತರು "ಕಾಲ ಸರಿ ಇರಲಿಲ್ಲ" ಎಂದಷ್ಟೇ ಹೇಳಿದರು. ಮುಂದಿನ ವರ್ಷದಿಂದ ಅವರು ಅರಿಷ್ಟ ಮಾಡಲಿಲ್ಲ. ಮುಗಿದಿದೆ ಎಂದು ತೀರ್ಪು ಕೊಟ್ಟವನು ನಾನು ಎಂದು ನಾನೂ ಎಲ್ಲಿಯೂ ಬಾಯಿ ಬಿಡಲಿಲ್ಲ. ಎರಡು ವರ್ಷದ ಬಳಿಕ ನನಗೆ ವರ್ಗವಾಯಿತು.

ನನ್ನ ಪ್ರಯೋಗದಲ್ಲಿ ದೋಷವಿರಲಿಲ್ಲ ಎಂಬುದೇ ಇಲ್ಲಿಯ ವಿಚಿತ್ರ. ಸುಣ್ಣದ ತಿಳಿ ಸುಳ್ಳು ಹೇಳಲಿಲ್ಲ, ಕಡ್ಡಿಯೂ ಹೇಳಲಿಲ್ಲ. ಈ ಹೊತ್ತಿನಲ್ಲಿ ಅನಿಲ ಹೊರಡುತ್ತಿಲ್ಲ ಎಂದು ಅವು ಹೇಳಿದವು. ಇನ್ನು ಮುಂದೆ ಹೊರಡುವುದಿಲ್ಲ ಎಂದು ಕೇಳಿಸಿಕೊಂಡವನು ನಾನು. ಚಳಿಗೆ ಯೀಸ್ಟ್ ಮುದುಡಿ ತಳ ಸೇರಿತ್ತು, ಬೆಲ್ಲ ಹಾಗೆಯೇ ಉಳಿದಿತ್ತು. ಸೆಕೆ ಬಂದೊಡನೆ ಅದು ಎದ್ದು ಉಳಿದ ಊಟ ಮುಂದುವರಿಸಿತು, ಆಗ ಬಾಯಿಗೆ ಬಿರಡೆ ಬಿದ್ದಾಗಿತ್ತು.

ಈಗ ಪೋರ್ಟ್‌ಲೆಂಡಿಗೆ ಬರುತ್ತೇನೆ. 2013ರ ಅಕ್ಟೋಬರಿನಲ್ಲಿ ನಾವು ದಂಪತಿಗಳು ಅಳಿಯನ ಮನೆಗೆ ಹೋಗಿದ್ದೆವು. ಕನ್ನಡಿಗ ಗೆಳೆಯರ ರಾಜ್ಯೋತ್ಸವದ ಕೂಟಕ್ಕೆಂದು ಅವನು ಬಿಯರ್ ಹಾಕಿದ್ದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿಯಾದ ರಸ ಬಸಿದು, ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ ಯೀಸ್ಟ್ ಬೆರೆಸುವುದು ಅದರ ಕ್ರಮ. ಅರ್ಧವನ್ನು 19 ಲೀಟರಿನ ಉಕ್ಕಿನ ಕೆಗ್ ಎಂಬ ಪೀಪಾಯಿಗೆ ತುಂಬಿಸುವುದು, ಉಳಿದದ್ದನ್ನು ಬಾಟಲಿಗಳಿಗೆ ಹಾಕಿ ಗೆಳೆಯರಿಗೆ ಹಂಚುವುದು ಎಂಬ ಯೋಚನೆ. ಪಾತ್ರೆ ಗ್ಯಾರೇಜಿನಲ್ಲಿತ್ತು. ಅಲ್ಲಿ ಅಕ್ಟೋಬರಿನ ಕೊನೆಯಲ್ಲಿ ಹತ್ತು ಡಿಗ್ರಿಯ ಚಳಿ.

"ಮುಗೀತು ಮಾವ, ಗುಳ್ಳೆ ನಿಂತು ನಾಲ್ಕು ದಿನವಾಯ್ತು. ಎರಡು ವಾರವೂ ಆಯ್ತು" ಎಂದ. ನನಗೆ ಕಲ್ಲುಚಪ್ಪಡಿ ನೆನಪಾಯಿತು.

ದಿನ ಎಣಿಸುವುದರ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿಲ್ಲ. ಯೀಸ್ಟ್ ಪಂಚಾಂಗ ನೋಡಿ ಕೆಲಸ ಮಾಡುವುದಿಲ್ಲ. ಆಷಾಢದಲ್ಲಿ ದೋಸೆಹಿಟ್ಟು ರಾತ್ರಿಯೆಲ್ಲ ಕಳೆದರೂ ಉಬ್ಬದೆ ಕೂತಾಗ, ಅದನ್ನು ಬಚ್ಚಲೊಲೆಯ ಪಕ್ಕಕ್ಕೆ ಒಯ್ದಿಡುವ ಗೃಹಿಣಿಗೆ ಇದು ಗೊತ್ತು. ಇನ್ನು ಗುಳ್ಳೆ. ಮುಚ್ಚಳದ ಅಂಚಿನಲ್ಲಿ ಸಣ್ಣ ಸಂದಿದ್ದರೆ ಅನಿಲ ಅಲ್ಲಿಂದಲೇ ಹೋಗಿ, ಕೆಲಸ ನಡೆದಿದ್ದರೂ ಗುಳ್ಳೆ ಕಾಣುವುದಿಲ್ಲ. ಕೋಣೆ ಬೆಚ್ಚಗಾದರೆ ದ್ರವದಲ್ಲಿ ಕರಗಿದ್ದ ಹಳೆಯ ಅನಿಲ ಹೊರಬಂದು, ಕೆಲಸ ಮುಗಿದಿದ್ದರೂ ಗುಳ್ಳೆ ಏಳುತ್ತದೆ. ಎರಡೂ ಕಡೆಗೆ ಮೋಸ.

ಅಳಿಯನ ಬಳಿ ಹೈಡ್ರೋಮೀಟರ್ ಇತ್ತು. ಹಾಲಿನ ಸೊಸೈಟಿಯಲ್ಲಿ ಅದ್ದುವ ಲ್ಯಾಕ್ಟೋಮೀಟರಿನ ಒಡಹುಟ್ಟು. ಸಕ್ಕರೆ ಕರಗಿದ ನೀರು ದಪ್ಪ, ಅದರಲ್ಲಿ ಕೊಳವೆ ಮೇಲೆ ತೇಲುತ್ತದೆ. ಸಕ್ಕರೆ ಕರಗಿ ಮದ್ಯಸಾರವಾದಂತೆ ಅದು ಕೆಳಗೆ ಇಳಿಯುತ್ತದೆ. ಬರಿಯ ನೀರಿಗೆ 1.000. ಇವನ ರಸ ಮೊದಲ ದಿನ 1.052 ಇತ್ತಂತೆ. ಈಗ ನೋಡಿದರೆ 1.022. ಓದುವ ಕ್ರಮ ಅವನಿಗೆ ತಿಳಿದಿರಲಿಲ್ಲ. ಕೊಳವೆಯನ್ನು ತಿರುಗಿಸಿ ಅಂಟಿದ ಗುಳ್ಳೆ ಉದುರಿಸಬೇಕು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಬಾಗಿದ ಅಂಚಿನ ಕೆಳಗೆರೆಯನ್ನು ಓದಬೇಕು. ನನ್ನಲ್ಲಿ ಕಲಿತವರಿಗೆ ಅಳತೆಜಾಡಿಯ ಮುಂದೆ ಮೊಣಕಾಲೂರಿಸಿದ್ದು ನೆನಪಿರಬಹುದು!

ಮರುದಿನವೂ 1.022, ಮೂರನೆಯ ದಿನವೂ ಅಷ್ಟೇ. ಅಳಿಯನ ಮುಖ ಅರಳಿತು. ಮೂರು ದಿನ ಒಂದೇ ಅಂಕೆ ಬಂದರೆ ಮುಗಿದಂತೆ ಎಂಬುದು ಆ ಹವ್ಯಾಸಿಗಳ ಸೂತ್ರ. ಒಳ್ಳೆಯ ಸೂತ್ರವೇ. ಆದರೆ ಅದು ನಾನು ಹೊಸನಗರದಲ್ಲಿ ಮಾಡಿದ ಪರೀಕ್ಷೆಯಂತೆಯೇ ನಿಂತಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಯಾಕೆ ನಿಂತಿತು ಎಂಬುದನ್ನು ಹೇಳುವುದಿಲ್ಲ. ಸಾಮಾನ್ಯ ಯೀಸ್ಟ್ ಮೊದಲಿನ ಅಂಕೆಯ ಮುಕ್ಕಾಲು ಭಾಗವನ್ನು ಇಳಿಸುತ್ತದೆ. ಆ ಲೆಕ್ಕದಲ್ಲಿ ಇವನದು 1.013ರ ಆಸುಪಾಸಿಗೆ ಬರಬೇಕಿತ್ತು. ಹಾಗೆಂದು ಪುಸ್ತಕದ ಅಂಕೆಯನ್ನೇ ಬ್ರಹ್ಮಲಿಪಿ ಎನ್ನುವಂತೆಯೂ ಇಲ್ಲ. ಬಾರ್ಲಿಯನ್ನು 65 ಡಿಗ್ರಿ ನೀರಿನಲ್ಲಿ ನೆನೆಸಿದರೆ ಒಂದು ಬಗೆ, 69 ಡಿಗ್ರಿಯಲ್ಲಿ ನೆನೆಸಿದರೆ ಯೀಸ್ಟಿಗೆ ತಿನ್ನಲಾಗದ ಪಿಷ್ಟದ ಅಂಶ ಹೆಚ್ಚು ಉಳಿದು, ಮುಗಿದ ಮೇಲೂ ಅಂಕೆ ಮೇಲೆಯೇ ನಿಲ್ಲುತ್ತದೆ.

ಹಾಗಾದರೆ ಈ ರಸ ಎಲ್ಲಿಯವರೆಗೆ ಇಳಿಯಬಲ್ಲದು ಎಂದು ಇದನ್ನೇ ಕೇಳಬೇಕು. ಅರ್ಧ ಲೀಟರ್ ತೆಗೆದು ಬಾಟಲಿಗೆ ಹಾಕಿಸಿದೆ. ಹೊಸ ಯೀಸ್ಟ್ ಒಂದು ಚಿಟಿಕೆ ಸೇರಿಸಿ, ಬಾಯಿ ಸಡಿಲವಾಗಿ ಮುಚ್ಚಿ, ನನ್ನವಳ ಶಾಲು ಸುತ್ತಿ, ಮನೆಯೊಳಗೆ ಬಿಸಿಗಾಳಿ ಬರುವ ಕಿಂಡಿಯ ಪಕ್ಕ ಇಟ್ಟೆವು. ಹೋಗಿ ಬರುವಾಗೆಲ್ಲ ಒಮ್ಮೆ ಕುಲುಕುವುದು. ಇದು ನನ್ನ ಶೋಧವಲ್ಲ, ಬಿಯರಿನ ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಪರೀಕ್ಷೆ ಎಂದು ಅಳಿಯ ಆಮೇಲೆ ಓದಿ ಹೇಳಿದ. ನನಗೆ ಅದು ಬಚ್ಚಲೊಲೆಯ ಪಕ್ಕದ ದೋಸೆಹಿಟ್ಟು. ಎರಡು ದಿನದ ಬಳಿಕ ಆ ಬಾಟಲಿಯ ಅಂಕೆ 1.013.

ಈ ಒಂಬತ್ತು ಅಂಕೆ ಎಂದರೆ ಎಷ್ಟು? ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಲೀಟರಿಗೆ ಸುಮಾರು ಇಪ್ಪತ್ತು ಗ್ರಾಂ ಸಕ್ಕರೆ ಉಳಿದಿದೆ. 180 ಗ್ರಾಂ ಗ್ಲೂಕೋಸ್ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ಅಂದರೆ ನಾಲ್ಕು ಗ್ರಾಂ ಸಕ್ಕರೆಯಿಂದ ಸುಮಾರು ಒಂದು ಲೀಟರ್ ಅನಿಲ. ಸಾಮಾನ್ಯ ಬಿಯರಿನಲ್ಲಿ ಲೀಟರಿಗೆ ಎರಡೂವರೆ ಲೀಟರ್ ಅನಿಲ ಕರಗಿರುತ್ತದೆ. ಇವನ ಬಾಟಲಿಗಳಲ್ಲಿ ಅದರ ಸುಮಾರು ಎರಡು ಪಟ್ಟು ಹೊಸದಾಗಿ ಹುಟ್ಟುತ್ತಿತ್ತು, ಅದೂ ಗೆಳೆಯರ ಬೆಚ್ಚಗಿನ ಅಡುಗೆಮನೆಗಳಲ್ಲಿ, ಮಕ್ಕಳು ಓಡಾಡುವ ಕಡೆ. ಅಳಿಯ ಕಾಗದವನ್ನು ಬಹಳ ಹೊತ್ತು ನೋಡಿದ. ಆಗ ಅವನಿಗೆ ಪಂಡಿತರ ಮನೆಯ ಕಥೆ ಹೇಳಿದೆ. ಅದನ್ನು ನಾನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.

ಉಕ್ಕಿನ ಕೆಗ್ಗಿಗೆ ಹೆಚ್ಚಿನ ಒತ್ತಡವನ್ನು ಹೊರಬಿಡುವ ಕವಾಟವಿದೆ, ಅದು ಒಡೆಯುವುದಿಲ್ಲ, ಅದಕ್ಕಾದರೂ ಹಾಕಬಹುದಲ್ಲ ಎಂದು ಅವನ ವಾದ. ಹಾಕಬಹುದು. ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ಮಲಗಿಯೇ ಇರುತ್ತದೆ. ಆದರೆ ಅದು ಅರ್ಧ ಬೆಂದ ಅನ್ನಕ್ಕೆ ಮುಚ್ಚಳ ಮುಚ್ಚಿ ಬಡಿಸಿದಂತೆ. ಸಿಹಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಯೀಸ್ಟ್ ನಡುದಾರಿಯಲ್ಲಿ ಹುಟ್ಟಿಸುವ ಡೈಅಸಿಟೈಲ್ ಎಂಬ ವಸ್ತು ಉಳಿದು, ಕುಡಿಯುವವರಿಗೆ ಬೆಣ್ಣೆಯ ವಾಸನೆ ಹೊಡೆಯುತ್ತದೆ. ಸಕ್ಕರೆ ಮುಗಿದ ಮೇಲೆ ಒಂದೆರಡು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟ್ ತಾನು ಮಾಡಿದ ಕೊಳೆಯನ್ನು ತಾನೇ ಬಳಿದು ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಊಟ ಮುಗಿಸಿ ತಟ್ಟೆ ತೊಳೆಯದೆ ಏಳುವವರಿಗಿಂತ ವಾಸಿ.

ಪಾತ್ರೆಯನ್ನು ಗ್ಯಾರೇಜಿನಿಂದ ಒಳಗೆ ತಂದು, ಕಂಬಳಿ ಹೊದಿಸಿ, ತಳದ ಯೀಸ್ಟ್ ಏಳುವಂತೆ ಮೆಲ್ಲಗೆ ಅಲುಗಿಸಿದೆವು. ಮರುದಿನ ಸಂಜೆ ಗುಳ್ಳೆ ಮತ್ತೆ ಆರಂಭ. ಎಂಟು ದಿನ ಹಿಡಿಯಿತು 1.013ಕ್ಕೆ ಬರಲು. ಅದೇ ಅಂಕೆ ಮೂರು ಬೆಳಗು ನಿಂತಿತು. ಸ್ವಲ್ಪ ರಸವನ್ನು ಲೋಟದಲ್ಲಿ ಮುಚ್ಚಿ 60 ಡಿಗ್ರಿಯಷ್ಟು ಬಿಸಿ ಮಾಡಿ ಮೂಸಿದೆವು, ಬೆಣ್ಣೆಯ ವಾಸನೆ ಇರಲಿಲ್ಲ. ಈ ಪರೀಕ್ಷೆಗೆ ನನ್ನ ಮೂಗು ಬಳಸಿದ್ದೇನೆ, ನಾಲಿಗೆಯನ್ನಲ್ಲ ಎಂದು ಬಂಧುಗಳು ದಯವಿಟ್ಟು ಗಮನಿಸಬೇಕು. ಆಮೇಲೆ ಕೆಗ್ಗಿಗೆ ತುಂಬಿದ. ರಾಜ್ಯೋತ್ಸವ ಕಳೆದುಹೋಗಿತ್ತು. ಗೆಳೆಯರಿಗೆ ಪಾನಕ ಕೊಟ್ಟನಂತೆ.

ನಮ್ಮ ಬಂಧುವರ್ಗದ ವಾಟ್ಸಾಪಿನಲ್ಲಿ ಆಗಾಗ ಬರುವ ಸಂದೇಶಗಳ ಬಗ್ಗೆಯೂ ಒಂದು ಮಾತು. ಹಿರಿಯರಿಗೆ ಯಾವ ಉಪಕರಣವೂ ಬೇಕಿರಲಿಲ್ಲ, ಕಿವಿ ಮೂಗುಗಳೇ ಸಾಕಿತ್ತು ಎಂದು ಒಬ್ಬರು ಬರೆಯುತ್ತಾರೆ. ಅದೆಲ್ಲ ಮೂಢರ ಕಾಲ ಎಂದು ಇನ್ನೊಬ್ಬರು. ಎರಡನ್ನೂ ನಾನು ಒಪ್ಪುವುದಿಲ್ಲ. ಸಾಗರದ ಕಡೆಯ ಆಲೆಮನೆಯಲ್ಲಿ ಪಾಕದ ಹದ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉರುಟುವುದನ್ನು ನೋಡಿದವನು ನಾನು. ಅವರ ಅಂದಾಜು ಬಹುಪಾಲು ಸರಿ. ಆದರೆ ಹದ ಎಳೆಯದಾದ ವರ್ಷ ಮಳೆಗಾಲದಲ್ಲಿ ಜೋನಿಬೆಲ್ಲದ ಡಬ್ಬಿ ಉಬ್ಬಿ ಉಕ್ಕಿದ್ದನ್ನೂ ನೋಡಿದ್ದೇನೆ. ಬಗನಿಯ ಕಳ್ಳು ಇಳಿಸುವವರಿಗೆ ಈ ತಲೆನೋವೇ ಇಲ್ಲ. ಬೆಳಗ್ಗೆ ಸಿಹಿ, ಸಂಜೆಗೆ ಹುಳಿ, ಅದನ್ನು ಯಾರೂ ಬಿರಡೆ ಹಾಕಿ ಇಡುವುದಿಲ್ಲ. ಮುಚ್ಚಿಡಬೇಕೆಂದಾಗ ಮಾತ್ರ ಅಂದಾಜು ಸಾಲದಾಗುತ್ತದೆ. ಪಂಡಿತರ ಕೈಯಲ್ಲಿ ಹೈಡ್ರೋಮೀಟರ್ ಇದ್ದಿದ್ದರೆ ಬೆಲ್ಲ ಉಳಿದದ್ದು ಅಂದೇ ಕಾಣುತ್ತಿತ್ತು. ನನ್ನ ಕೈಯಲ್ಲಿ ನಳಿಕೆಯಿತ್ತು, ಪಂಡಿತರ ತಾಳ್ಮೆ ಇರಲಿಲ್ಲ. ಚಳಿ ಬಿಡಲಿ, ಇನ್ನೊಂದು ಸಲ ಕಿವಿಯಿಟ್ಟು ನೋಡುವ ಎಂದು ಅವರು ಹೇಳಿದ್ದು, ಬೆಚ್ಚಗಾದ ಮೇಲೆ ಮತ್ತೆ ಪರೀಕ್ಷಿಸಬೇಕು ಎಂಬುದೇ ತಾನೆ? ಪೋರ್ಟ್‌ಲೆಂಡಿನಲ್ಲಿ ನಾನು ಮಾಡಿಸಿದ್ದೂ ಅದನ್ನೇ.

ಇಷ್ಟನ್ನು ಬರೆಯುವ ಮೊದಲು ಪಂಡಿತರ ಮೊಮ್ಮಗಳಿಗೆ ಫೋನ್ ಮಾಡಿದೆ. ಆಕೆ ಈ ಪುಟಗಳನ್ನು ಓದುತ್ತಾಳೆ, ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಹುಬ್ಬಿನ ಗಾಯದ ಗುರುತು ಈಗಲೂ ಇದೆ. ತಪ್ಪು ಅಜ್ಜನದಲ್ಲ, ಮುಚ್ಚಲು ಹೇಳಿದವನು ನಾನು, ಅದನ್ನು ಬರೆಯುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬರೀರಿ ಮೇಷ್ಟ್ರೇ. ಆದ್ರೆ ಅಜ್ಜನಿಗೆ ಗೊತ್ತಿತ್ತು. ಬಿರಡೆ ಹಾಕುವಾಗ ದೀಪ ಹಿಡಿದಿದ್ದು ನಾನೇ. ಇದು ಇನ್ನೂ ಸಿಹಿ ಉಂಟು ಅಂದ್ರು. ಮತ್ಯಾಕೆ ಮುಚ್ತೀರಿ ಅಂತ ಅಜ್ಜಿ ಕೇಳಿದ್ರು. ಮೇಷ್ಟ್ರು ಊರಿಗೆ ಹೊಸಬರು, ಎಲ್ಲರ ಎದುರು ಹೇಳಿದ ಮಾತು, ತೆಗೆದುಹಾಕಿದ್ರೆ ನಾಳೆ ಮಕ್ಕಳು ಅವರ ಮಾತು ಕೇಳೂದಿಲ್ಲ ಅಂದ್ರು."